ಅಳಿಯನ ಎಣ್ಣೆಸ್ನಾನಕ್ಕೊಂದು ವಾಲ್ವು

ನಾನು ಹೇಳಿದರೆ ನೀರು ಕೇಳುತ್ತದೆ. ಇದು ಜಂಬದ ಮಾತಲ್ಲ, ನನ್ನ ನೌಕರಿಯ ಮಾತು. ಪುಣೆಯ ಭೋಸರಿ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಲ್ವುಗಳ ವಿನ್ಯಾಸ ಮಾಡುತ್ತಿದ್ದೇನೆ. ಅದರಲ್ಲೂ ಸ್ಪ್ರಿಂಗು ಕೂರಿಸಿದ ಚೆಕ್ ವಾಲ್ವು. ಮುಂದೆ ಹೋದ ನೀರು ಹಿಂದಕ್ಕೆ ಬರದಂತೆ ತಡೆಯುವುದಷ್ಟೇ ಅದರ ಕೆಲಸ. ಒಳಗೆ ಒಂದು ಬಿಲ್ಲೆ ಇರುತ್ತದೆ, ಬಿಲ್ಲೆಯ ಬೆನ್ನಿಗೆ ಒಂದು ಸ್ಪ್ರಿಂಗು. ನೀರು ಮುಂದಿನಿಂದ ತಳ್ಳಿದರೆ ಬಿಲ್ಲೆ ಸರಿದು ದಾರಿ ಬಿಡುತ್ತದೆ. ತಳ್ಳುವುದು ನಿಂತ ಕೂಡಲೇ ಸ್ಪ್ರಿಂಗು ಬಿಲ್ಲೆಯನ್ನು ತಂದು ಬಾಗಿಲು ಮುಚ್ಚುತ್ತದೆ. ಮುಗಿಯಿತು.

ಇಷ್ಟಕ್ಕೆ ಇಪ್ಪತ್ತೆರಡು ವರ್ಷ ಬೇಕೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜಾ ಕೇಳಿಯಾಗಿದೆ. ಸ್ವಾಮಿ, ವಿದ್ಯೆಯೆಲ್ಲ ಇರುವುದು ಆ ಸ್ಪ್ರಿಂಗಿನಲ್ಲಿ! ಅದು ಮೆತ್ತಗಾದರೆ ಬಿಲ್ಲೆ ಹಗಲೂ ರಾತ್ರಿ ಪಟಪಟ ಬಡಿದುಕೊಳ್ಳುತ್ತದೆ. ಬಿಗಿಯಾದರೆ ನೀರು ಬಾಗಿಲ ಹೊರಗೇ ನಿಂತು ಮೋರೆ ನೋಡುತ್ತದೆ. ಎಷ್ಟು ಬಿಗಿ ಇರಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳುವವನೇ ವಿನ್ಯಾಸಕಾರ. ಆ ಕಾರ್ಖಾನೆಯಲ್ಲಿ ಆತ ನಾನು.

ನನ್ನ ದುಃಖ ಒಂದೇ. ನಾನು ಮಾಡಿದ್ದನ್ನು ಯಾರೂ ನೋಡುವುದಿಲ್ಲ. ವಾಲ್ವು ಇರುವುದು ಪೈಪಿನ ಹೊಟ್ಟೆಯಲ್ಲಿ. ಸರಿಯಾಗಿ ಕೆಲಸ ಮಾಡಿದರೆ ಅದು ಅಲ್ಲಿದೆ ಎಂದೇ ಯಾರಿಗೂ ಗೊತ್ತಿರುವುದಿಲ್ಲ. ಕೆಟ್ಟರೆ ಮಾತ್ರ ನನ್ನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಮಗಳು ಸುಮಾಳ ನಿಶ್ಚಯದ ದಿನ ಸೊಲ್ಲಾಪುರದ ಬೀಗರು ಚಹಾ ಹೀರುತ್ತಾ, "ವಾಲ್ವು ಅಂದ್ರ ನಳಾನ ಹೌದಲ್ರೀ?" ಎಂದು ಕೇಳಿದರು. ನಾನು, "ಹೂಂರಿ, ನಳದಂಗ ಅಂತ ತಿಳ್ಕೋರ್ರಿ" ಎಂದು ನಕ್ಕೆ. ಆ ನಗು ಹೊರಗಿನದು. ಒಳಗೆ ಆ 'ನಳ' ಎಂಟು ತಿಂಗಳು ತೊಟ್ಟಿಕ್ಕುತ್ತಲೇ ಇತ್ತು.

ಹೀಗಿರುವಾಗ ದೀಪಾವಳಿ ಬಂತು. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಮಗಳು, ಅಳಿಯ ಪ್ರಶಾಂತ ಇಬ್ಬರೂ ನಮ್ಮಲ್ಲಿಗೆ ಬರುವುದೆಂದು ತೀರ್ಮಾನವಾಯಿತು. ಮೊದಲ ದೀಪಾವಳಿಗೆ ಅಳಿಯ ಅತ್ತೆಯ ಮನೆಗೆ ಬಂದರೆ ಮುಖ್ಯವಾದದ್ದು ಹೋಳಿಗೆಯಲ್ಲ, ಹೊಸ ಬಟ್ಟೆಯೂ ಅಲ್ಲ. ನರಕ ಚತುರ್ದಶಿಯ ನಸುಕಿನಲ್ಲಿ ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಎಣ್ಣೆ ಹಚ್ಚಿ, ಮೈ ಕೆಂಪಾಗುವಂಥ ಬಿಸಿನೀರು ಎರೆಯಬೇಕು. ಅದೊಂದು ಸರಿಯಾಗಿ ಆದರೆ ಉಳಿದದ್ದೆಲ್ಲ ಆದಂತೆ.

"ಸ್ನಾನಕ್ಕ ಒಂದ ಸ್ವಲ್ಪ ಹೆಚ್ಚುಕಮ್ಮಿ ಆತಂದ್ರ ಸುಮಾ ಸಾಯೂತನಾ ಕೇಳಿಸ್ಕೋಬೇಕಾಗ್ತದ," ಎಂದು ಗಿರಿಜಾ ಎಚ್ಚರಿಸಿದಳು. "ನಾ ನಮ್ಮ ಅತ್ತೀ ಕಡಿಂದ ಇನ್ನೂ ಕೇಳಿಸ್ಕೋತೀನಿ. ನಿಮಗ ನಮ್ಮಪ್ಪ ಎರದ ನೀರು ಉಗುರುಬೆಚ್ಚಗಿದ್ವಂತ."

ನಿಜ. ಉಗುರುಬೆಚ್ಚಗಿದ್ದವು. ನಾನು ಮರೆತಿದ್ದೆ, ಅಮ್ಮ ಮರೆತಿರಲಿಲ್ಲ.

ನಮ್ಮ ಮನೆ ಇರುವುದು ಏಳನೆಯ ಮಹಡಿಯಲ್ಲಿ, ಎಲ್ಲಕ್ಕಿಂತ ಮೇಲೆ. ಗಚ್ಚಿಯ ಮೇಲೆ ಇಡೀ ವಿಂಗಿಗೆ ಸೇರಿದ ಸೋಲಾರ್ ಟ್ಯಾಂಕು ಇದೆ. ಹದಿನಾಲ್ಕು ಮನೆಗೂ ಬಿಸಿನೀರು ಅಲ್ಲಿಂದಲೇ ಇಳಿಯಬೇಕು. ಟ್ಯಾಂಕಿಗೆ ತೀರ ಹತ್ತಿರದವರು, ನೀರು ಇಳಿಯುವ ಎತ್ತರವೇ ಕಡಿಮೆಯಾದ್ದರಿಂದ ನಮಗೆ ನೀರಿನ ಜೋರು ಕಡಿಮೆ. ಅದಕ್ಕೆಂದು ತಣ್ಣೀರಿನ ಪೈಪಿಗೆ ಒಂದು ಸಣ್ಣ ಪಂಪು ಹಾಕಿಸಿದ್ದೆ. ಆ ಪಂಪು ಶುರುವಾದರೆ ಸಾಕು, ನಮ್ಮ ತಣ್ಣೀರು ಸ್ನಾನದ ಮನೆಯಲ್ಲಿ ಬಿಸಿನೀರು, ತಣ್ಣೀರು ಎರಡೂ ಕೂಡುವ ಜೋಡಿ ನಳದ ಮೂಲಕ ಬಿಸಿನೀರಿನ ಪೈಪಿಗೆ ನುಗ್ಗಿ, ಅಲ್ಲಿಂದ ಕೆಳಗಿಳಿದು, ಆರನೆಯ ಮಹಡಿಯ ಕದಮ್ ಕಾಕಾರ ತಲೆಯ ಮೇಲೆ ಬೀಳುತ್ತಿತ್ತು. ಕಾಕಾ ಸೈನ್ಯದಿಂದ ನಿವೃತ್ತರಾದವರು. ಬೆಳಿಗ್ಗೆ ಆರು ಗಂಟೆಗೆ ಅವರ ಸ್ನಾನ. ಆರೂ ಐದಕ್ಕೆ ಅವರ ಕೂಗು. "ಅಹೋ ಇಂಜಿನಿಯರ್ ಸಾಹೇಬ್! ಪಂಪ್ ಬಂದ್ ಕರಾ!"

ಇದಕ್ಕೆ ಮದ್ದು ಯಾವುದು? ನಮ್ಮ ಮನೆಗೆ ಬರುವ ಬಿಸಿನೀರಿನ ಪೈಪಿಗೆ ಒಂದು ಚೆಕ್ ವಾಲ್ವು! ಬಿಸಿನೀರು ಒಳಗೆ ಬರಬಹುದು, ನಮ್ಮ ತಣ್ಣೀರು ಹೊರಗೆ ಹೋಗುವಂತಿಲ್ಲ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಆದರೆ ಮನೆಗೆ ಬಂದ ಮೇಲೆ ವಾಲ್ವಿನ ಮುಖ ನೋಡುವ ಆಸೆ ಯಾರಿಗಿರುತ್ತದೆ? ಈ ಸಲ ಅಳಿಯಂದಿರು ಬರುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕೈಕೆಲಸ ನನ್ನವರ ಕಣ್ಣೆದುರು, ಅದೂ ಹಬ್ಬದ ದಿನ, ಅದೂ ಅಳಿಯನ ಎಣ್ಣೆಸ್ನಾನದಲ್ಲಿ ಕೆಲಸಕ್ಕೆ ಬರುತ್ತದೆ. ಸೊಲ್ಲಾಪುರಕ್ಕೆ ವರದಿ ಹೋಗುತ್ತದೆ. 'ನಳ' ಎಂದವರು ತಿದ್ದಿಕೊಳ್ಳುತ್ತಾರೆ!

ಕಾರ್ಖಾನೆಯ ಕಪಾಟಿನಲ್ಲಿ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಗೆಂದು ಮಾಡಿ, ಅಳತೆ ಬದಲಾದದ್ದರಿಂದ ಉಳಿದುಕೊಂಡಿದ್ದ ಒಂದು ವಾಲ್ವು ಇತ್ತು. ಸ್ಟೀಲಿನದು, ಅಂಗೈಯಗಲ, ಕನ್ನಡಿಯಂಥ ಹೊಳಪು. ಮಾಲೀಕರನ್ನು ಕೇಳಿದೆ. "ಮನೆಗೆ ಇಷ್ಟು ದೊಡ್ಡದೇಕೆ?" ಎಂದರು. "ಅಳಿಯ ಬರುತ್ತಿದ್ದಾನೆ ಸಾಹೇಬರೇ," ಎಂದೆ. ಅವರಿಗೂ ಇಬ್ಬರು ಅಳಿಯಂದಿರು. ಮರುಮಾತಿಲ್ಲದೆ ಕೊಟ್ಟರು.

ಚತುರ್ದಶಿಯ ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆಯ ಪಕ್ಕದ ಡ್ರೈ ಬಾಲ್ಕನಿಯಲ್ಲಿ ಕೆಲಸ ಶುರು ಮಾಡಿದೆ. ಬಿಸಿನೀರಿನ ಪೈಪು ಮನೆಯೊಳಗೆ ಬರುವುದು ಅಲ್ಲಿಂದಲೇ. ಆ ಗೋಡೆಗೆ ನಮ್ಮ ಹಳೆಯ ಗೀಸರು ತೂಗುಹಾಕಿತ್ತು. ನಟ್ಟು ಬಿಗಿಯುವ ಪಾನಾ ತಿರುಗಿಸಲು ಅದು ಅಡ್ಡ ಬಂತು. ಕಿತ್ತೆ.

"ಅಲ್ರೀ, ಗೀಸರ್ ಯಾಕ ತಗೀತೀರಿ?" ಎಂದು ಗಿರಿಜಾ ಓಡಿ ಬಂದಳು.

"ಇನ್ನ ಅದು ಯಾಕ ಬೇಕು? ಮ್ಯಾಲ ಅಷ್ಟು ದೊಡ್ಡ ಟ್ಯಾಂಕ ಅದ."

"ಹಬ್ಬ ಮುಗೀಲಿ, ಆಮ್ಯಾಲ ತಗೀರಿ. ಮನ್ಯಾಗ ಅಳಿಯಾರು ಬರಾವರಿದ್ದಾರ."

"ಅಳಿಯಾರು ಬರ್ತಾರಂತನ ಮಾಡಾಕ್ಹತ್ತೀನಿ!"

ನಮ್ಮ ವಾಚ್‌ಮನ್ ಅದೇ ಸಂಜೆ ಹಬ್ಬಕ್ಕೆ ಊರಿಗೆ ಹೊರಟಿದ್ದ. ಗೀಸರನ್ನು ಅವನಿಗೆ ಕೊಟ್ಟುಬಿಟ್ಟೆ. ಅವನು ಅದನ್ನು ಹೆಗಲ ಮೇಲೆ ಹೊತ್ತು, ನನಗೆ ಕೈಮುಗಿದು, ಎಸ್‌ಟಿ ಬಸ್ಸು ಹತ್ತಿದ. ದಾನ ಮಾಡಿದ ಸಂತೋಷದಿಂದ ನನ್ನ ಎದೆ ಎರಡು ಇಂಚು ಅಗಲವಾಯಿತು.

ಕೂರಿಸುವ ಮೊದಲು ವಾಲ್ವನ್ನು ಪರೀಕ್ಷಿಸಬೇಕಲ್ಲ? ಒಂದು ಕಡೆಯಿಂದ ಬಾಯಿಟ್ಟು ಊದಿದೆ. ಗಾಳಿ ಹೋಗಲಿಲ್ಲ. ಹೋಗಬಾರದು, ಅದು ಹಿಂದಿನ ಕಡೆ. ಇನ್ನೊಂದು ಕಡೆಯಿಂದ ಊದಿದೆ. ಹೋಗಲಿಲ್ಲ. ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ಮತ್ತೆ ಊದಿದೆ. ಊಹೂಂ! ಎಂಥ ಸ್ಪ್ರಿಂಗು! ಎಂಥ ಮಾಲು!

ನೋಡುತ್ತ ನಿಂತಿದ್ದ ಗಿರಿಜಾ, "ಆ ಕಡೆನೂ ಹೋಗವಲ್ತು, ಈ ಕಡೆನೂ ಹೋಗವಲ್ತು. ಹಂಗಾದ್ರ ನೀರು ಯಾ ಕಡಿಂದ ಬರ್ತಾವ್ರಿ?" ಎಂದಳು.

"ಇದು ಬಾಯಿಲೆ ಊದಿ ನೋಡೂ ಸಾಮಾನಲ್ಲ," ಎಂದೆ ಗಂಭೀರವಾಗಿ. ಊದಿ ನೋಡಿದವನು ನಾನೇ ಎಂಬುದನ್ನು ಆಕೆ ಎತ್ತಿ ಆಡಲಿಲ್ಲ. ಆಕೆಯದು ದೊಡ್ಡ ಮನಸ್ಸು.

ಗಚ್ಚಿಗೆ ಹೋಗಿ ಟ್ಯಾಂಕಿನ ಕೆಳಗಿನ ಚಕ್ರ ತಿರುಗಿಸಿ ನೀರು ಬಂದ್ ಮಾಡಿದೆ, ವಾಲ್ವು ಕೂರಿಸಿದೆ, ಮತ್ತೆ ಹೋಗಿ ನೀರು ಬಿಟ್ಟೆ. ಒಂದು ಹನಿಯೂ ಸೋರಲಿಲ್ಲ. ಸ್ನಾನದ ಮನೆಯಲ್ಲಿ ಬಿಸಿನೀರಿನ ನಳ ತಿರುಗಿಸಿದೆ. ಧೋ ಎಂದು ನೀರು ಬಂತು! ಗಿರಿಜಾ ಬೆರಳಿಟ್ಟು ನೋಡಿ, "ತಣ್ಣಗವ," ಎಂದಳು.

"ಪೈಪಿನಾಗ ನಿಂತಿದ್ದ ನೀರು ಅವು. ಮೊದಲ ತಣ್ಣಗನ ಬರ್ತಾವ."

ಅವು ಪೈಪಿನಲ್ಲಿ ನಿಂತಿದ್ದ ನೀರಲ್ಲ. ನನ್ನದೇ ಪಂಪು ಜೋಡಿ ನಳದ ಮೂಲಕ ತಳ್ಳಿದ ತಣ್ಣೀರು. ಇದು ನನಗೆ ಹೊಳೆಯಲು ಇನ್ನೂ ಹದಿನಾಲ್ಕು ಗಂಟೆ ಬೇಕಿತ್ತು.

ಸಂಜೆ ಕದಮ್ ಕಾಕಾ ತಾವೇ ಮೇಲೆ ಬಂದರು. ಕೂಗಲು ಅಲ್ಲ, ಕೈ ಕುಲುಕಲು! ಅವರ ಮನೆಯ ನೀರು ಕೈಯಿಡಲಾಗದಷ್ಟು ಸುಡುತ್ತಿತ್ತಂತೆ. ಐದನೆಯ ಮಹಡಿಯವರೂ ಹೇಳಿದರಂತೆ. ನಾಲ್ಕನೆಯವರೂ. "ಏಕದಮ್ ಕಡಕ್ ಪಾಣಿ!" ಎಂದು ಕಾಕಾ ನನ್ನ ಬೆನ್ನು ತಟ್ಟಿದಾಗ ನಾನು ಸ್ವಲ್ಪ ಕೆಮ್ಮಿ, "ಎಲ್ಲಾ ಸ್ಪ್ರಿಂಗಿನ ಗುಣ," ಎಂದೆ. ಅದೇ ಹೊತ್ತಿಗೆ ಸುಮಾ, ಪ್ರಶಾಂತ ಸೊಲ್ಲಾಪುರದಿಂದ ಬಂದಿಳಿದರು. ಕಾಕಾ ಅಳಿಯಂದಿರ ಎದುರಿಗೇ ನನ್ನನ್ನು ಮತ್ತೊಮ್ಮೆ ಹೊಗಳಿದರು. ಸುಮಾಳ ಮುಖ ಅರಳಿತು. ನನಗೆ ಅಷ್ಟು ಸಾಕಿತ್ತು. ದೇವರು ಅಲ್ಲಿಗೇ ಪರದೆ ಇಳಿಸಬಹುದಿತ್ತು.

ಅಂದು ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ಹಂಡೆ ಬೆಳಗಿ, ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುವ ಸಂಜೆ. ಪುಣೆಯ ಫ್ಲ್ಯಾಟಿನಲ್ಲಿ ಹಂಡೆ ಎಲ್ಲಿಂದ ಬರಬೇಕು? ಗಿರಿಜಾ ಪ್ರತಿವರ್ಷ ಗೀಸರಿಗೇ ಸುಣ್ಣದ ಪಟ್ಟೆ ಬಳಿದು, ಬಳ್ಳಿ ಕಟ್ಟಿ, ಆರತಿ ಬೆಳಗುತ್ತಿದ್ದಳು. ಈ ವರ್ಷ ಆಕೆ ಆರತಿ ತಟ್ಟೆ ಹಿಡಿದು ಬರಿಯ ಗೋಡೆಯ ಮುಂದೆ ನಿಂತಳು.

"ಈಗ ಯಾತರ ಪೂಜಾ ಮಾಡ್ಲಿ?"

"ವಾಲ್ವಿಂದು ಮಾಡು," ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ವಾಲ್ವಿಗೆ ಅರಿಸಿನ ಕುಂಕುಮ ಹಚ್ಚಿದಳು, ಹಾಗಲಬಳ್ಳಿ ಸುತ್ತಿದಳು, ಒಂದು ಚೆಂಡುಹೂ ಸಿಕ್ಕಿಸಿದಳು. ಸುಮಾ ಆರತಿ ಹಾಡಿದಳು. ನಾನು ಕೈಮುಗಿದು ನಿಂತಿದ್ದೆ. ನಾನು ಗೆರೆ ಎಳೆದ ಸಾವಿರಾರು ವಾಲ್ವುಗಳಲ್ಲಿ ಹೂ ಮುಡಿದದ್ದು ಅದೊಂದೇ. ಹೇಳಲು ನಾಚಿಕೆಯಾಗುತ್ತದೆ, ನನ್ನ ಕಣ್ಣು ಒದ್ದೆಯಾದವು. ಊದಿನಕಡ್ಡಿಯ ಹೊಗೆ ಎಂದೆ.

ಮರುದಿನ ನಸುಕಿನ ಐದು ಗಂಟೆ. ಅಳಿಯಂದಿರನ್ನು ಮಣೆಯ ಮೇಲೆ ಕೂರಿಸಿದೆವು. ಗಿರಿಜಾ ನೆತ್ತಿಗೆ ಎಣ್ಣೆ ಒತ್ತಿದಳು. ಸುಮಾ ಬೆನ್ನಿಗೆ, ಕೈಗೆ, ಕಾಲಿಗೆ ಧಾರಾಳವಾಗಿ ಹಚ್ಚಿದಳು. ಮೇಲೆ ಮೈಗೆ ತಿಕ್ಕುವ, ಘಮಘಮಿಸುವ ಉಟಣೆಯ ಪುಡಿ. ಪ್ರಶಾಂತ ಮಿತಭಾಷಿ, ಮರ್ಯಾದಸ್ಥ ಹುಡುಗ. ಎಣ್ಣೆ ಕಣ್ಣಿಗಿಳಿದರೂ "ಇರ್ಲಿ ಬಿಡ್ರಿ" ಎನ್ನುತ್ತಿದ್ದರು. ಹಾಗೇ ಜಾರುತ್ತ, ಗೋಡೆ ಹಿಡಿದು, ಸ್ನಾನದ ಮನೆ ಸೇರಿದರು.

ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಯಾವ ಪ್ರಶ್ನೆ ಬಂದರೂ ವಾಲ್ವಿನ ಬಗ್ಗೆ ಸರಳವಾಗಿ ವಿವರಿಸಲು ಸಿದ್ಧನಾಗಿದ್ದೆ.

ಪ್ರಶ್ನೆ ಬಂತು. "ಮಾವಾರ, ನೀರು ತಣ್ಣಗವಲ್ರೀ?"

"ಎರಡ ಮಿನಿಟ ಬಿಡ್ರಿ. ಬರ್ತಾವ!"

ಎರಡು ನಿಮಿಷ ಬಿಟ್ಟರು. ಐದು ನಿಮಿಷ ಬಿಟ್ಟರು. ಒಳಗಿನಿಂದ ಹಲ್ಲು ಕಟಕಟಿಸುವ ಶಬ್ದ ಸಣ್ಣಗೆ ಕೇಳತೊಡಗಿತು. ನಾನು ಗಚ್ಚಿಗೆ ಓಡಿ ಟ್ಯಾಂಕಿನ ಪೈಪು ಮುಟ್ಟಿ ನೋಡಿದೆ. ಬಿಸಿಯಾಗಿಯೇ ಇತ್ತು. ಕೆಳಗೆ ಓಡಿ ಬಂದು ಕದಮ್ ಕಾಕಾರಿಗೆ ಫೋನು ಮಾಡಿದೆ. "ಕಡಕ್! ಏಕದಮ್ ಕಡಕ್!" ಎಂದರು ಹರ್ಷದಿಂದ. ಮೇಲೆ ಬಿಸಿ ಇದೆ, ಕೆಳಗೆ ಬಿಸಿ ಇದೆ, ನಡುವೆ ನಮ್ಮ ಮನೆಯಲ್ಲಿ ಮಾತ್ರ ಇಲ್ಲ.

ಗಿರಿಜಾ ಸೆರಗು ಸಿಕ್ಕಿಸಿಕೊಂಡು ನನ್ನ ಮುಂದೆ ನಿಂತಳು. "ಏನಾಗೇದ?"

ನಮ್ಮ ಕಾರ್ಖಾನೆಗೆ ಗಿರಾಕಿಗಳಿಂದ ದೂರು ಬಂದರೆ ಉತ್ತರ ಬರೆಯುವವನೂ ನಾನೇ. ಆ ಉತ್ತರ ಬಾಯಿಪಾಠ. ಗಾಬರಿಯಲ್ಲಿ ಅದೇ ಬಾಯಿಂದ ಬಂತು. "ನಮ್ಮ ಮಾಲು ಸುಸ್ಥಿತಿಯಲ್ಲಿದೆ. ದೋಷ ಏನಿದ್ದರೂ ಕೂರಿಸಿದವರದು."

"ಕೂರಿಸಿದವರು ಯಾರು?"

ನಾನು ಮಾತು ಬದಲಿಸಿದೆ. "ಪೈಪಿನಾಗ ಗಾಳಿ ಸಿಕ್ಕೊಂಡದ."

"ಗ್ಯಾಸಿನ ಮ್ಯಾಲ ಒಂದು ಬೋಗುಣಿ ನೀರು ಇಡ್ತೀನಿ. ಹುಡುಗ ನಡಗಾಕ್ಹತ್ತಾನ."

ಇಲ್ಲಿ ನಾನು ಮಾಡಿದ್ದೇ ನನ್ನ ದೊಡ್ಡ ತಪ್ಪು. ಉಳಿದದ್ದೆಲ್ಲ ಲೆಕ್ಕದ ತಪ್ಪು, ಇದು ಮನಸ್ಸಿನ ತಪ್ಪು. "ಬ್ಯಾಡ!" ಎಂದು ಕೂಗಿದೆ. "ಗ್ಯಾಸಿನ ನೀರಿಲೆ ಸ್ನಾನ ಮಾಡಸಾಕ ನಾ ಎಂಜಿನಿಯರ್ ಆಗೇನೇನು? ಹತ್ತ ಮಿನಿಟು ಕೊಡು!"

ಆಕೆ ನನ್ನ ಮಾತು ಕೇಳದೆ ಒಲೆಯ ಮೇಲೆ ದೊಡ್ಡ ಬೋಗುಣಿ ಇಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ನನ್ನ ಮಾತು ಕೇಳದಿದ್ದಾಗಲೆಲ್ಲ ನಮಗೆ ಒಳ್ಳೆಯದೇ ಆಗಿದೆ. ಆದರೆ ಆ ದಿನ ನಾನು ಒಳ್ಳೆಯದಾಗಲು ಬಿಡಬೇಕಲ್ಲ!

ಅಳಿಯಂದಿರನ್ನು ಹೊರಗೆ ಕರೆದು, ಮೈಗೆ ಚಾದರ ಸುತ್ತಿ, ಸೋಫಾದ ಮೇಲೆ ಹಳೆಯ ಪತ್ರಿಕೆ ಹಾಸಿ ಕೂರಿಸಿ, ಕೈಗೆ ಚಹಾ ಕೊಟ್ಟೆವು. ಎಣ್ಣೆಗೈಯಲ್ಲಿ ಕಪ್ಪು ಎರಡು ಸಲ ಜಾರಿತು. ಸುಮಾ ಗಂಡನ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಸೈಕಲ್ಲಿನ ಚೈನು ಬಿದ್ದಾಗ ಹೀಗೇ ನೋಡುತ್ತಿದ್ದಳು, ಅಪ್ಪ ಸರಿ ಮಾಡುತ್ತಾನೆ ಎಂದು. ಅದನ್ನು ನೋಡಿ ನನಗೆ ಸಂಕಟವಾಯಿತು. "ಅಪ್ಪಾ, ಅತ್ತಿಯವರು ಏಳಕ್ಕ ಫೋನ್ ಮಾಡ್ತಾರ. ಸ್ನಾನ ಹೆಂಗಾತಂತ ಕೇಳ್ತಾರ," ಎಂದಳು ಮೆಲ್ಲಗೆ.

ಆಗ ಗಂಟೆ ಆರು.

ಮನೆಯ ಎಲ್ಲ ನಳಗಳನ್ನೂ ತೆರೆದೆ. ಗಾಳಿ ಬರಲಿಲ್ಲ. ಲಟ್ಟಣಿಗೆಯಿಂದ ಪೈಪಿಗೆ ಬಡಿದೆ. ಲಟ್ಟಣಿಗೆ ಸೀಳಿತು. ಪೈಪಿಗೆ ಕಿವಿಯಿಟ್ಟು ಆಲಿಸಿದೆ. ಏನೂ ಇಲ್ಲ, ಶಾಂತಿ. ಹೂ ಮುಡಿದ ವಾಲ್ವು ನನ್ನ ಕಣ್ಣೆದುರು ತಣ್ಣಗೆ ಕೂತಿತ್ತು. ಅದನ್ನೇ ನೋಡುತ್ತ ನಿಂತಾಗ ನೆನಪಾಯಿತು. ಕುರಕುಂಭ! ಅಲ್ಲಿ ಈ ವಾಲ್ವಿನ ಹಿಂದೆ ಆನೆಯಂಥ ಪಂಪು ಇರುತ್ತದೆ. ಆ ಜೋರಿಗೆಂದೇ ನಾನು ಸ್ಪ್ರಿಂಗನ್ನು ಬಿಗಿಯಾಗಿ ಇಟ್ಟಿದ್ದೆ. ಈ ಬಾಗಿಲು ತೆರೆಯಬೇಕಾದರೆ ಮೇಲೆ ಕನಿಷ್ಠ ಐದು ಮೀಟರ್ ಎತ್ತರದ ನೀರು ನಿಂತು ತಳ್ಳಬೇಕು. ನಮ್ಮ ಟ್ಯಾಂಕು ವಾಲ್ವಿನಿಂದ ಎಷ್ಟು ಮೇಲಿದೆ? ಎರಡೂವರೆ ಮೀಟರ್!

ನೀರು ರಾತ್ರಿಯಿಡೀ ಆ ಬಾಗಿಲಿಗೆ ಭುಜ ಕೊಟ್ಟು ತಳ್ಳಿದೆ, ಪಾಪ. ಬಾಗಿಲು ತೆರೆದಿಲ್ಲ. ಕದಮ್ ಕಾಕಾರ ನೀರು ಕಡಕ್ ಆದದ್ದು ಏಕೆಂದರೆ ನಮ್ಮ ಮನೆಯ ಪೈಪು ಇಡೀ ಕಟ್ಟಡದಿಂದಲೇ ಕಡಿದುಹೋಗಿತ್ತು. ಇದೇ ವಾಲ್ವನ್ನು ಕಾಕಾರ ಮನೆಯಲ್ಲಿ ಕೂರಿಸಿದ್ದರೆ, ಮೂರು ಮೀಟರ್ ಕೆಳಗೆ, ಅದು ಸೊಗಸಾಗಿ ತೆರೆಯುತ್ತಿತ್ತು. ಅಂದರೆ ವಾಲ್ವಿನ ತಪ್ಪಿಲ್ಲ. ನಾನು ಮನೆ ಕೊಂಡ ಮಹಡಿಯ ತಪ್ಪು!

ಮದ್ದೂ ಆ ಕ್ಷಣವೇ ಹೊಳೆಯಿತು. ವಾಲ್ವು ಬಿಚ್ಚಿ ಸ್ಪ್ರಿಂಗು ತೆಗೆದುಹಾಕುವುದು. ಎರಡು ನಿಮಿಷದ ಕೆಲಸ. ಪಾನಾ ಹಿಡಿದೆ. ಹಾಗಲಬಳ್ಳಿ ಸರಿಸಿದೆ. ಗಡಿಬಿಡಿಯಲ್ಲಿ ಬಲವಾಗಿ ತಿರುಗಿಸಿದೆ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಹೇಳುವ ಪಾಠ ಒಂದಿದೆ. ವಾಲ್ವು ಬಿಚ್ಚುವ ಮೊದಲು ಹಿಂದಿನ ನೀರು ಬಂದ್ ಮಾಡಬೇಕು. ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ.

ಬಂದ್ ಮಾಡಿರಲಿಲ್ಲ.

ಬಿಲ್ಲೆ ನನ್ನ ಕಿವಿಯ ಪಕ್ಕದಿಂದ ಹಾರಿತು. ಸ್ಪ್ರಿಂಗು ಬಾಲ್ಕನಿಯ ಜಾಲರಿ ದಾಟಿ ಏಳು ಮಹಡಿ ಕೆಳಗೆ ಹೋಯಿತು. ಅವುಗಳ ಹಿಂದೆಯೇ ಬಂತು ನೋಡಿ ಬಿಸಿನೀರು! ಹದವಾದ, ಹಬೆಯಾಡುವ, ನನ್ನ ಅಮ್ಮ ಕೂಡ ಮೆಚ್ಚುವಂಥ ಬಿಸಿನೀರು! ಬಾಲ್ಕನಿಯಿಂದ ಅಡುಗೆಮನೆಗೆ ಚಿಮ್ಮಿ ಮೊದಲು ಗ್ಯಾಸಿನ ಉರಿ ಆರಿಸಿತು. ಅಲ್ಲಿಂದ ನಡುಮನೆಗೆ ಬಂದು ರಂಗೋಲಿ ತೊಳೆಯಿತು. ಚಕ್ಕುಲಿಯ ಡಬ್ಬ ತೇಲಿತು.

"ಅಳಿಯಂದ್ರ, ನೀರು ಬಂದ್ವು!" ಎಂದು ಕಿರುಚಿದೆ. ಬೇರೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಎಣ್ಣೆ ಮೈಯ ಪ್ರಶಾಂತ ಓಡಿ ಬಂದರು. ಒಂದು ಕ್ಷಣ ಆ ಧಾರೆಯನ್ನು ನೋಡಿದರು. ಆಮೇಲೆ ಚಾದರ ಬಿಸಾಡಿ, ಪಂಚೆ ಬಿಗಿದು, ಡ್ರೈ ಬಾಲ್ಕನಿಯಲ್ಲಿ ಪೈಪಿನ ಬಾಯಿಗೆ ಬೆನ್ನೊಡ್ಡಿ ಕೂತೇಬಿಟ್ಟರು! "ಆಹಾಹಾ!" ಎಂದರು. ಬಂದಾಗಿನಿಂದ ಅವರು ಆಡಿದ ಮೊದಲ ದೊಡ್ಡ ಮಾತು ಅದು. ಸುಮಾ ಚಾದರವನ್ನು ಎರಡು ಕೈಯಲ್ಲಿ ಹಿಡಿದು ಅಡ್ಡ ನಿಂತಳು. ಆದರೂ ಎದುರಿನ ವಿಂಗಿನವರಿಗೆ ಕಾಣದೆ ಇರುತ್ತದೆಯೇ? ಅಲ್ಲಿ ಎಲ್ಲರೂ ದೀಪ ಹಚ್ಚಲು ಬಾಲ್ಕನಿಗೆ ಬಂದಿದ್ದರು. ಮಕ್ಕಳು ಸುರಸುರಬತ್ತಿ ಹಚ್ಚಿ ಚಪ್ಪಾಳೆ ತಟ್ಟಿದರು. ಗಿರಿಜಾ ಮೊಣಕಾಲುದ್ದ ಸೀರೆ ಎತ್ತಿ, ನೀರಿನಲ್ಲಿ ನಡೆದು ಬಂದು, ಆರತಿ ತಟ್ಟೆ ಹಿಡಿದಳು. ಶಾಸ್ತ್ರ ತಪ್ಪಬಾರದಲ್ಲ!

ನಾನು ಗಚ್ಚಿಗೆ ಓಡಿದೆ. ನಿನ್ನೆ ಬೆಣ್ಣೆಯಂತೆ ತಿರುಗಿದ್ದ ಚಕ್ರವನ್ನು ಇಂದು ಗಾಬರಿಯಲ್ಲಿ ಯಾವ ಕಡೆ ತಿರುಗಿಸಿದೆನೋ, ಕಟ್ ಎಂದಿತು. ಚಕ್ರ ನನ್ನ ಕೈಯಲ್ಲಿ, ಕಡ್ಡಿ ಪೈಪಿನಲ್ಲಿ. ಇನ್ನು ನೀರನ್ನು ನಿಲ್ಲಿಸುವ ಶಕ್ತಿ ಯಾರಿಗೂ ಇರಲಿಲ್ಲ. ಹದಿನಾಲ್ಕು ಮನೆಯ ಹಬ್ಬದ ಬಿಸಿನೀರು ನನ್ನ ಅಡುಗೆಮನೆಯ ದಾರಿಯಾಗಿ ಮೆಟ್ಟಿಲಿಳಿದು ಹೋಗುತ್ತಿತ್ತು.

ಮೆಟ್ಟಿಲಲ್ಲಿ ಮೊದಲು ಸಿಕ್ಕವರು ಕದಮ್ ಕಾಕಾ. ಮೈತುಂಬ ಎಣ್ಣೆ, ಕೆನ್ನೆಗೆ ಉಟಣೆ, ಸೊಂಟಕ್ಕೆ ಟವಲು. "ಗರಮ್ ಪಾಣಿ ಕುಠೇ ಗೇಲಂ?" ಎಂದು ಗುಡುಗಿದರು. ಬಿಸಿನೀರು ಎಲ್ಲಿ ಹೋಯಿತೆಂದು ನಾನು ಹೇಳಬೇಕಾಗಲಿಲ್ಲ. ಅದು ಅವರ ಕಾಲ ಮೇಲೆಯೇ ಹರಿಯುತ್ತಿತ್ತು. ಅವರ ಹಿಂದೆ ಐದನೆಯ ಮಹಡಿ, ಅದರ ಹಿಂದೆ ನಾಲ್ಕನೆಯದು. ಎಲ್ಲರ ಮೈಯಲ್ಲೂ ಎಣ್ಣೆ, ಎಲ್ಲರ ಕೈಯಲ್ಲೂ ಬಕೀಟು. ಇಡೀ ವಿಂಗು ಮಿರಮಿರ ಮಿನುಗುತ್ತ ನನ್ನ ಮನೆಯ ಬಾಗಿಲಲ್ಲಿ ನಿಂತಿತು.

ಹೊಡೆಯುತ್ತಾರೆಂದೇ ಅಂದುಕೊಂಡೆ. ಕದಮ್ ಕಾಕಾ ಒಳಗೆ ಇಣುಕಿದರು. ಧಾರೆಯ ಕೆಳಗೆ ಕೂತು, ಕಣ್ಣು ಮುಚ್ಚಿ, ಲೋಕ ಮರೆತಿದ್ದ ಅಳಿಯಂದಿರನ್ನು ನೋಡಿದರು. "ಜಾವಯಿ? ಪಹಿಲಾ ದಿವಾಳಸಣ?" ಎಂದು ಗಿರಿಜಾಳನ್ನು ಕೇಳಿದರು. ಅಳಿಯನ ಮೊದಲ ದೀಪಾವಳಿ ಅವರಲ್ಲೂ ಅಷ್ಟೇ ದೊಡ್ಡದು. ಗಿರಿಜಾ ಹೌದೆಂದು ತಲೆಯಾಡಿಸಿದಳು. ಕಾಕಾ ಹಿಂದಿನವರ ಕಡೆ ತಿರುಗಿ, ಹುಡುಗನ ಸ್ನಾನ ಮೊದಲು ಮುಗಿಯಲಿ, ಆಮೇಲೆ ಉಳಿದರೆ ನಮಗೆ ಎಂದು ಸೈನ್ಯದ ದನಿಯಲ್ಲಿ ಆಜ್ಞೆ ಮಾಡಿದರು. ಎಣ್ಣೆಯ ಪಟಾಲಂ ಮೆಟ್ಟಿಲ ಮೇಲೆ ಸಾಲಾಗಿ ಕೂತಿತು. ಅಷ್ಟು ಒಳ್ಳೆಯ ಜನರ ನಡುವೆ ನಾನು ಹನ್ನೆರಡು ವರ್ಷದಿಂದ ಇದ್ದೇನೆ. ಗೊತ್ತಾಗಲು ಅವರ ನೀರನ್ನೆಲ್ಲ ಚೆಲ್ಲಬೇಕಾಯಿತು.

ಅವರಿಗೆ ಉಳಿದದ್ದು ಮೂರು ಬಕೀಟು. ಮೂರು ಬಕೀಟಿನಲ್ಲಿ ಮಕ್ಕಳ ತಲೆ ತೊಳೆದು, ದೊಡ್ಡವರೆಲ್ಲ ತಣ್ಣೀರಿಗೆ ನಡೆದರು. ಹೋಗುವಾಗ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಳು ಗಂಟೆಗೆ ಸೊಲ್ಲಾಪುರದ ಫೋನು ಬಂತು. ಹೊಸ ಜುಬ್ಬಾ ತೊಟ್ಟು, ಮೈಯೆಲ್ಲ ಕೆಂಪಾಗಿ ಹೊಳೆಯುತ್ತಿದ್ದ ಪ್ರಶಾಂತ ತಾವೇ ಎತ್ತಿದರು. ಸುಮಾ ಉಸಿರು ಬಿಗಿ ಹಿಡಿದಳು. "ಅವ್ವಾ, ಇಷ್ಟು ನೀರಿಲೆ ನಾ ಜನ್ಮದಾಗ ಸ್ನಾನ ಮಾಡಿದ್ದಿಲ್ಲ. ಇಡೀ ಬಿಲ್ಡಿಂಗಿನವರು ಬಂದಿದ್ರು," ಎಂದರು. ಒಂದು ಅಕ್ಷರವೂ ಸುಳ್ಳಿಲ್ಲ! ಸುಮಾ ಅಡುಗೆಮನೆಗೆ ಹೋಗಿ, ಆರಿದ ಒಲೆಯ ಮುಂದೆ ನಿಂತು, ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಬಹುಶಃ ಎರಡೂ.

ನಾನು ಮಾತ್ರ ಮೂಲೆಯಲ್ಲಿ ಒದ್ದೆ ಪಾಯಿಜಾಮದಲ್ಲಿ ನೆಲ ಒರೆಸುತ್ತ ಕೂತಿದ್ದೆ. ತಲೆ ಎತ್ತುವ ಧೈರ್ಯವಿರಲಿಲ್ಲ. ಅಳಿಯಂದಿರಿಗೆ ನನ್ನನ್ನು ಹಾಗೆ ನೋಡಲಾಗಲಿಲ್ಲವೇನೋ, ಏನಾದರೂ ಸಹಾಯ ಮಾಡೋಣವೆಂದು ಅತ್ತಿತ್ತ ಹುಡುಕಿದರು. ಶೋಕೇಸಿನ ಮೇಲೆ ವಾಲ್ವಿನ ಖಾಲಿ ಡಬ್ಬಿ ಇತ್ತು. ಸೊಲ್ಲಾಪುರದಲ್ಲಿ ಅವರದು ಔಷಧದ ಅಂಗಡಿ. ಡಬ್ಬಿಯೊಳಗೆ ಚೀಟಿ ಕಂಡರೆ ಓದದೆ ಬಿಡುವವರಲ್ಲ. ಇಂಗ್ಲಿಷಿನಲ್ಲಿದ್ದುದನ್ನು ಓದಿ ಕನ್ನಡದಲ್ಲಿ ಹೇಳುತ್ತ ಹೋದರು.

"ಮಾವಾರ, ಇಲ್ಲೆ ಬರದಾರ ನೋಡ್ರಿ. ಟ್ಯಾಂಕಿನಿಂದ ತಾನ ಇಳಿಯೂ ನೀರಿಗೆ ಈ ವಾಲ್ವು ಹಾಕಬಾರದಂತ. ಏನಾದ್ರೂ ಸಂಶಯ ಇದ್ರ ಹಾಕೂಕ್ಕಿಂತ ಮೊದಲ ವಿನ್ಯಾಸ ವಿಭಾಗದವರನ್ನ ಕೇಳ್ರಿ ಅಂತ ನಂಬರನೂ ಕೊಟ್ಟಾರ. ನಾ ಕೇಳ್ತೀನಿ ತಡೀರಿ."

ತಡೆಯುವಷ್ಟರಲ್ಲಿ ಅವರು ನಂಬರು ಒತ್ತಿಯಾಗಿತ್ತು.

ನನ್ನ ಪಾಯಿಜಾಮದ ಜೇಬಿನಲ್ಲಿದ್ದ ಕಂಪನಿಯ ಫೋನು ರಿಂಗಣಿಸತೊಡಗಿತು.

ಗಿರಿಜಾ ನನ್ನ ಜೇಬು ನೋಡಿದಳು. ಸುಮಾ ನೋಡಿದಳು. ಚಕ್ಕುಲಿ ಕೊಡಲೆಂದು ಮೇಲೆ ಬಂದಿದ್ದ ಕದಮ್ ಕಾಕಾ ನೋಡಿದರು. ಪ್ರಶಾಂತ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಧಾನವಾಗಿ ನನ್ನ ಕಡೆ ತಿರುಗಿದರು. ಎತ್ತದೆ ಇರಬಹುದಿತ್ತು. ಆದರೆ ಕೈ ಕೇಳಬೇಕಲ್ಲ! ನೆಲ ಒರೆಸುವ ಬಟ್ಟೆ ಕೆಳಗಿಟ್ಟು ಎತ್ತಿದೆ.

"ನಮಸ್ಕಾರ, ವಿನ್ಯಾಸ ವಿಭಾಗ."

ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ಅಳಿಯಂದಿರು ನಗಲಿಲ್ಲ. ಫೋನಿನಲ್ಲೇ, ಮರ್ಯಾದೆಯಿಂದ ಮಾತಾಡಿದರು. "ನಮಸ್ಕಾರ್ರೀ ಸರ್. ನಾ ನಿಮ್ಮ ಗಿರಾಕಿ. ನೀವು ಮಾಡಿದ ವಾಲ್ವು ಭಾಳ ಛಲೋ ಅದ, ನಂದು ಸ್ನಾನನೂ ಭಾಳ ಛಲೋ ಆತು. ಆದ್ರ ನಮ್ಮ ಮಾವಾರು ಮನಸ್ಸಿಗೆ ಭಾಳ ಹಚ್ಕೊಂಡಾರ. ಅವರಿಗೆ ಏನರೆ ಮದ್ದು ಹೇಳ್ರಿ."

ನನಗೆ ಎದ್ದು ಹೋಗಿ ಆ ಹುಡುಗನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಎಂಜಿನಿಯರ್ ಅಲ್ಲವೇ, ಅಷ್ಟು ಬಿಗಿ ಬೇಗ ಸಡಿಲವಾಗುತ್ತದೆಯೇ?

"ಈ ಹೊತ್ತು ಹಬ್ಬದ ಸೂಟಿ ಅದರೀ. ನಿಮ್ಮ ತಕರಾರು ಏನದನೋ ಬರವಣಿಗಿಯೊಳಗ ಕಳಸ್ರಿ," ಎಂದು ಹೇಳಿ ಫೋನು ಇಟ್ಟುಬಿಟ್ಟೆ!